ಪೊಲೀಸರಿಗಿಂತ ಸೆಕ್ಯೂರಿಟಿ ಗಾರ್ಡ್‌ಗಳೇ ಜಾಸ್ತಿನಾ?

ನಿಮ್ಮ ತಮ್ಮ ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕೆ ಸೇರಲಿದ್ದಾನೆ ಅಂತ ಬರೆದು, ದೇಶದಲ್ಲಿ ಪೊಲೀಸರಿಗಿಂತ ಖಾಸಗಿ ಗಾರ್ಡ್‌ಗಳೇ ಹೆಚ್ಚು ಅನ್ನೋದು ನಿಜವಾ ಅಂತ ಕೇಳಿದ್ದೀರಿ. ನಿಜ. ಪೊಲೀಸರು ಸುಮಾರು 20 ಲಕ್ಷ ಇದ್ದಾರೆ. ಗಾರ್ಡ್‌ಗಳು 70ರಿಂದ 90 ಲಕ್ಷ ಅಂತ ಉದ್ಯಮದವರ ಅಂದಾಜು. ಇದು ಅಂದಾಜೇ, ತಲೆ ಎಣಿಸಿದ ಲೆಕ್ಕ ಅಲ್ಲ. ಇಲ್ಲಿ ಲೈಸೆನ್ಸ್ ಬೇಕಿರುವುದು ಏಜೆನ್ಸಿಗೆ, ಗಾರ್ಡ್‌ಗೆ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಒಬ್ಬೊಬ್ಬ ಗಾರ್ಡ್ ಕೂಡ ನೋಂದಣಿ ಮಾಡಿಸಲೇಬೇಕು. ಹಾಗಾಗಿ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಅಂತ ಗಟ್ಟಿಯಾಗಿ ಹೇಳಬಹುದು.

ಇಷ್ಟು ಬೆಳೆದದ್ದು ಹೇಗೆ? ಅಪಾರ್ಟ್‌ಮೆಂಟ್, ಮಾಲ್, ಐಟಿ ಕಂಪನಿ, ಎಟಿಎಂ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆ ಆಯ್ತಲ್ಲ, ಆಮೇಲೆ ಕಾವಲುಗಾರರಿಲ್ಲದ ನೂರಾರು ಎಟಿಎಂಗಳಿಗೆ ಪೊಲೀಸರು ಬೀಗ ಹಾಕಿಸಿದರು. ಬ್ಯಾಂಕುಗಳು ಗಾರ್ಡ್‌ಗಳಿಗಾಗಿ ಓಡಾಡಬೇಕಾಯಿತು.

ತರಬೇತಿ ಬಗ್ಗೆಯೂ ಕೇಳಿದ್ದೀರಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಮಾಡಿರುವ ನಿಯಮದಂತೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಕೊಡಬೇಕು. ಮಾಜಿ ಸೈನಿಕರಿಗೆ ಇದರಲ್ಲಿ ರಿಯಾಯಿತಿ ಇದೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿದ್ದ ಹುಡುಗನನ್ನು ಒಮ್ಮೆ ಸುಮ್ನೆ ಕೇಳಿದೆ. "ಯೂನಿಫಾರ್ಮ್ ಕೊಟ್ಟರು, ಶಿಳ್ಳೆ ಕೊಟ್ಟರು, ಅಷ್ಟೇ ಸಾರ್" ಅಂದ. ಹನ್ನೆರಡು ಗಂಟೆ ಶಿಫ್ಟ್ ಬೇರೆ. ನಿಮ್ಮ ತಮ್ಮ ಸೇರುವ ಮುಂಚೆ ಏಜೆನ್ಸಿಯ ಲೈಸೆನ್ಸ್ ಇದೆಯಾ, ಪಿಎಫ್, ಇಎಸ್‌ಐ ಕಟ್ಟುತ್ತಾರಾ ಅಂತ ವಿಚಾರಿಸಲಿ.