ಮಲ್ಪೆಗೆ ಆಗಸ್ಟ್ ಬೇಡ
ಆಗಸ್ಟಿನಲ್ಲಿ ಎರಡೇ ದಿನಕ್ಕೆ ಮಲ್ಪೆ, ಕಾರವಾರ ಎರಡನ್ನೂ ದ್ವೀಪಗಳ ಸಮೇತ ಮುಗಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಮಳೆಗಾಲದಲ್ಲಿ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡಲ್ಲ. ದಸರಾ ಕಳೆದ ಮೇಲೆ ಬನ್ನಿ, ಕಾರವಾರ ಕೈಬಿಟ್ಟು ಮಲ್ಪೆಯಲ್ಲೇ ಉಳಿಯಿರಿ. ದ್ವೀಪದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಬರಿಗಾಲಿಗೆ ಚುಚ್ಚುತ್ತೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗುತ್ತಾ ಬಿರಿದು ಆರು ಮೂಲೆಯ ಕಂಬಗಳಾಗಿ ನಿಂತಿದೆ, ಯಾರೋ ಉಳಿ ಹಿಡಿದು ಕಡೆದ ಹಾಗೆ. ಪಾಚಿ ಕಟ್ಟಿದ ಕಲ್ಲು ಹತ್ತಿ ಸೆಲ್ಫಿ ಮಾತ್ರ ಬೇಡ ಮಾರಾಯ್ರೆ!

ಬೆಳಿಗ್ಗೆ ಬೇಗ ಎದ್ದು ಬಂದರಿನ ದಕ್ಕೆಗೆ ಹೋಗಿ. ಬೋಟಿನಿಂದ ಬಂಗುಡೆ ಬುಟ್ಟಿ ಇಳಿಯುತ್ತಿದ್ದಂತೆ ಏಲಂ ಶುರು. ಹಳೇ ಚಪ್ಪಲಿ ಹಾಕಿಕೊಳ್ಳಿ, ಮೀನಿನ ನೀರು ಮೊಣಕಾಲವರೆಗೂ ಸಿಡಿಯುತ್ತೆ.