ಬ್ಯಾಟರಿ ಬದಲಿಸುವ ಮೊದಲು ಡಿಬಿಎಂ ನೋಡಿ

‘ಬ್ಯಾಟರಿ ಜಲ್ದಿ ಇಳಿಯುತ್ತದೆ’ ಎಂಬ ಪತ್ರಗಳಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಈ ಸಲ ಒಂದನ್ನು ಹಿಡಿದು ಪೂರ್ತಿ ಉತ್ತರಿಸುತ್ತೇನೆ. ಉಳಿದವರು ತಮ್ಮ ಉತ್ತರವನ್ನು ಅದರಲ್ಲೇ ಹುಡುಕಿಕೊಳ್ಳಬೇಕು. ಬ್ರೈಟ್‌ನೆಸ್ ತಗ್ಗಿಸಿ, ಬ್ಲೂಟೂತ್ ಆರಿಸಿ ಎಂಬಂಥವನ್ನು ಮತ್ತೆ ಬರೆಯುವುದಿಲ್ಲ. ಡಿಬಿಎಂ ಎಂದರೆ ಸಿಗ್ನಲ್ ಎಷ್ಟು ಗಟ್ಟಿ ಎಂಬುದರ ಅಳತೆ, ನೋಡುವ ಬಗೆ ಮುಂದಿದೆ.

ಪ್ರಶ್ನೆ: ಸರ್, ನಮ್ಮೂರು ಇಂಡಿ ತಾಲೂಕಿನ್ಯಾಗ ಬರ್ತದ್ರಿ. ದಿನಾ ಲಿಂಬಿ ತ್ವಾಟದಾಗ ಇರ್ತೀನಿ. ಮುಂಜಾನೆ ನೂರು ಪರ್ಸೆಂಟ್ ಇದ್ದದ್ದು ಮಧ್ಯಾಹ್ನ ಎರಡಕ್ಕ ಹದಿನೈದಕ್ಕ ಬರ್ತದ. ವಿಜಯಪುರಕ್ಕ ಹೋದ ದಿನ ರಾತ್ರಿ ತನಾನೂ ಬರ್ತದ. ಎರಡು ಸಲ ಬ್ಯಾಟರಿ ಹಾಕಿಸೀನ್ರಿ, ಅಷ್ಟಕ್ಕಷ್ಟ. ಎರಡು ಸಿಮ್ ಅದಾವ, 5ಜಿ ಫೋನ್ ಐತಿ. ಮೂರನೇ ಬ್ಯಾಟರಿ ಹಾಕಿಸಲೇನ್ರಿ?

ಬೇಡ. ಉತ್ತರವನ್ನು ನೀವೇ ಬರೆದಿದ್ದೀರಿ. ವಿಜಯಪುರದಲ್ಲಿ ರಾತ್ರಿವರೆಗೆ ಬಾಳುವ ಬ್ಯಾಟರಿ ಇಂಡಿಯ ತೋಟಕ್ಕೆ ಬಂದೊಡನೆ ಕೆಡುವುದಿಲ್ಲ. ಎರಡನೇ ಬ್ಯಾಟರಿ ಹಾಕಿದವನಿಗೆ ಇದು ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದನೋ, ಅವನನ್ನೇ ಕೇಳಿ.

ಫೋನಿನ ರೇಡಿಯೊ ಹಗಲೆಲ್ಲ ಎಚ್ಚರ ಕೂತಿರುತ್ತದೆ ಎಂದು ಬಹಳ ಮಂದಿಯ ತಿಳಿವಳಿಕೆ. ಹಾಗಿದ್ದರೆ ಯಾವ ಬ್ಯಾಟರಿಯೂ ಸಂಜೆ ಕಾಣುತ್ತಿರಲಿಲ್ಲ. ಟವರ್ ಮತ್ತು ಫೋನಿನ ನಡುವೆ ಒಂದು ಕರಾರು ಇರುತ್ತದೆ: ಕರೆ ಬಂದರೆ ಇಂಥ ಕ್ಷಣಕ್ಕೇ ಕೂಗಬೇಕು, ಉಳಿದ ಹೊತ್ತು ಫೋನು ಮಲಗಿರುತ್ತದೆ. 4ಜಿಯಲ್ಲಿ ಈ ಕೂಗು 0.32, 0.64, 1.28 ಅಥವಾ 2.56 ಸೆಕೆಂಡಿಗೆ ಒಮ್ಮೆ. ಯಾವುದೆಂದು ಸಿಮ್ ಕಂಪನಿ ಗೊತ್ತುಮಾಡುತ್ತದೆ. 1.28 ಎಂದಿಟ್ಟುಕೊಂಡರೆ, ಅಷ್ಟರಲ್ಲಿ ರೇಡಿಯೊ ಕೆಲವೇ ಮಿಲಿಸೆಕೆಂಡು ಎದ್ದು, ತನ್ನ ಹೆಸರು ಬಂತೇ ಎಂದು ಕಿವಿಗೊಟ್ಟು, ಮತ್ತೆ ಮಲಗುತ್ತದೆ. ಇದಕ್ಕೆ ಡಿಆರ್‌ಎಕ್ಸ್ ಎನ್ನುತ್ತಾರೆ. ರಿಂಗ್ ಆಗುವುದು ಒಂದು ಸೆಕೆಂಡು ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ, ಆ ಒಂದು ಸೆಕೆಂಡನ್ನು ಮಾರಿ ಇಡೀ ದಿನದ ಬ್ಯಾಟರಿ ಕೊಂಡುಕೊಂಡ ಉಪಾಯವಿದು. ಫೋನಿನಲ್ಲಿ ಕರೆಂಟು ಉಳಿಸುವ ಇಷ್ಟು ದೊಡ್ಡ ಯುಕ್ತಿ ಬೇರೊಂದಿಲ್ಲ. ಅದಕ್ಕೆ ಆ್ಯಪ್ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ನಿಮ್ಮ ತೋಟದಲ್ಲಿ ಈ ನಿದ್ದೆ ಮೂರು ಕಡೆಯಿಂದ ಕೆಡುತ್ತಿದೆ.

ಮೊದಲನೆಯದು ದೂರ. ಫೋನು ಎಷ್ಟು ಜೋರಾಗಿ ಮಾತಾಡಬೇಕೆಂದು ಟವರ್ ಹೇಳುತ್ತಲೇ ಇರುತ್ತದೆ. 3ಜಿ ಕಾಲದಲ್ಲಿ ‘ಏರಿಸು, ಇಳಿಸು’ ಎಂಬ ಈ ಅಪ್ಪಣೆ ಸೆಕೆಂಡಿಗೆ 1500 ಸಲ ಹೋಗುತ್ತಿತ್ತು. ಈಗಿನ ವಿಧಾನ ಬೇರೆ, ತತ್ವ ಅದೇ. ಟವರ್ ಪಕ್ಕದಲ್ಲಿದ್ದರೆ ಒಂದು ಮಿಲಿವ್ಯಾಟಿಗಿಂತ ಕಡಿಮೆಯಲ್ಲೂ ಕೆಲಸ ಸಾಗುತ್ತದೆ. ದೂರವಾದಷ್ಟೂ ಕೂಗು ಏರುತ್ತ 4ಜಿ ಫೋನಿನ ಸಾಮಾನ್ಯ ಮಿತಿಯಾದ 200 ಮಿಲಿವ್ಯಾಟಿಗೆ ಮುಟ್ಟುತ್ತದೆ. ಅದು ಆಂಟೆನಾದಿಂದ ಹೊರಬೀಳುವ ಲೆಕ್ಕ ಮಾತ್ರ, ಬ್ಯಾಟರಿಯಿಂದ ಎಳೆಯುವುದು ಅದರ ಕೆಲವು ಪಟ್ಟು. ನಡುವಿನದು ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಕರೆ ಮುಗಿದ ಮೇಲೆ ಕಿವಿ ಸುಡುವುದು ಇದರಿಂದ, ‘ರೇಡಿಯೇಶನ್’ನಿಂದಲ್ಲ.

ಈ ಆಂಪ್ಲಿಫೈಯರು ಹತ್ತು ಎಚ್‌ಪಿ ಮೋಟರಿದ್ದ ಹಾಗೆ, ಪೂರ್ತಿ ನೀರೆತ್ತುವಾಗ ಲಾಭದ್ದು, ಅರ್ಧ ಇಂಚಿನ ಪೈಪಿಗೆ ಕಟ್ಟಿದರೆ ದಂಡ. ಅಲೆ ಸಣ್ಣದಾಗುವ ಪ್ರತಿ ಕ್ಷಣವೂ ಕರೆಂಟು ಪೋಲು. ಅದಕ್ಕೇ ಈಗಿನ ಒಳ್ಳೆಯ ಫೋನುಗಳಲ್ಲಿ ಅಲೆ ಏರಿದಂತೆ ಆಂಪ್ಲಿಫೈಯರಿನ ವೋಲ್ಟೇಜ್ ಏರಿಸಿ, ಇಳಿದಂತೆ ಇಳಿಸುವ ಚಿಪ್ ಇರುತ್ತದೆ. 4ಜಿ ರೂಪಿಸಿದವರು ಫೋನಿನಿಂದ ಟವರಿಗೆ ಹೋಗುವ ಅಲೆಯ ಜಾತಿಯನ್ನೇ ಬೇರೆ ಮಾಡಿದರು. ಅದರಲ್ಲಿ ಹಠಾತ್ ಶಿಖರಗಳು ಕಡಿಮೆ, ಹಾಗಾಗಿ ಫೋನಿನ ಪುಟ್ಟ ಆಂಪ್ಲಿಫೈಯರಿಗೆ ತ್ರಾಸೂ ಕಡಿಮೆ. ಇಷ್ಟೆಲ್ಲ ಇದ್ದೂ 200 ಮಿಲಿವ್ಯಾಟಿಗೆ ಟವರ್ ಕೇಳದಿದ್ದರೆ ಫೋನು ಇನ್ನೂ ಜೋರಾಗಿ ಕೂಗಲಾರದು. ಆಗ ನಿಧಾನಿಸುತ್ತದೆ. ಒಂದು ಏಟಿಗೆ 6 ಬಿಟ್ ಕಳಿಸುತ್ತಿದ್ದದ್ದು 2ಕ್ಕೆ ಇಳಿಯುತ್ತದೆ, ಮಾತಿನ ಕರೆಯಲ್ಲಿ ಒಂದೇ ತುಣುಕನ್ನು ನಾಲ್ಕು ಸಲ ಹೇಳುವುದೂ ಉಂಟು. ಜೋರಾಗಿಯೂ ಕೂಗಬೇಕು, ಹೆಚ್ಚು ಹೊತ್ತೂ ಕೂಗಬೇಕು. ಎರಡನ್ನೂ ಗುಣಿಸಿದರೆ ನಿಮ್ಮ ಹದಿನೈದು ಪರ್ಸೆಂಟ್ ಸಿಗುತ್ತದೆ.

ಎರಡನೆಯದು ಬಾಲ. ಡೇಟಾ ಹೋಗಿ ಮುಗಿದ ಮೇಲೂ ರೇಡಿಯೊ ಕೂಡಲೇ ಮಲಗುವುದಿಲ್ಲ. ಇನ್ನೇನಾದರೂ ಬಂದೀತೆಂದು ಸಾಮಾನ್ಯವಾಗಿ ಹತ್ತು ಸೆಕೆಂಡಿನಷ್ಟು ಹೊತ್ತು ಅರೆನಿದ್ದೆಯಲ್ಲಿ ಕಾಯುತ್ತದೆ. ಯಾವುದೋ ಆ್ಯಪ್ ನಿಮಿಷಕ್ಕೊಮ್ಮೆ ಒಂದು ಕಿಲೊಬೈಟ್ ಕಳಿಸಿದರೆ ಅರವತ್ತರಲ್ಲಿ ಹತ್ತು ಸೆಕೆಂಡು ನಿದ್ದೆ ಹಾಳು. ಡೇಟಾ ಲೆಕ್ಕದಲ್ಲಿ ಅದು ಏನೂ ಅಲ್ಲ, ಬ್ಯಾಟರಿ ಲೆಕ್ಕದಲ್ಲಿ ಆರನೇ ಒಂದು ದಿನದ ನಿದ್ದೆ. ಎಲ್ಲ ಆ್ಯಪ್‌ಗಳ ಸಂದೇಶಕ್ಕೂ ಫೋನಿನಲ್ಲಿ ಒಂದೇ ಬಾಗಿಲು, ಅಂದರೆ ಒಂದೇ ಸಂಪರ್ಕ, ಇಟ್ಟದ್ದು ಇದಕ್ಕಾಗಿ. 2015ರ ಆಂಡ್ರಾಯ್ಡ್ 6ರಲ್ಲಿ ಬಂದ ಡೋಜ್ ಎಂಬ ವ್ಯವಸ್ಥೆ, ಫೋನು ಕದಲದೆ ಬಿದ್ದಿದ್ದಾಗ ಎಲ್ಲ ಆ್ಯಪ್‌ಗಳನ್ನೂ ಕಟ್ಟಿಹಾಕಿ ಅಪರೂಪಕ್ಕೊಮ್ಮೆ ಒಟ್ಟಿಗೆ ಬಿಡುತ್ತದೆ. ಇನ್‌ಸ್ಟಾಲ್ ಮಾಡಿದೊಡನೆ ‘ಬ್ಯಾಟರಿ ನಿರ್ಬಂಧ ತೆಗೆಯಿರಿ’ ಎಂದು ಕೇಳುವ ಆ್ಯಪ್‌ಗೆ ಹೂಂ ಅಂದರೆ ಆ ಹಗ್ಗ ನೀವೇ ಬಿಚ್ಚಿದಂತೆ.

ಮೂರನೆಯದು ನಿಮ್ಮ ಎರಡನೇ ಸಿಮ್. ತೋಟದಲ್ಲಿ ಅದಕ್ಕೆ ನೆಟ್‌ವರ್ಕ್ ಇಲ್ಲವೆಂದೇ ನನ್ನ ಅಂದಾಜು. ನೆಟ್‌ವರ್ಕ್ ಇಲ್ಲದ ಸಿಮ್ ಮಲಗುವುದಿಲ್ಲ, ಟವರ್ ಹುಡುಕುತ್ತ ಬ್ಯಾಂಡ್ ಬ್ಯಾಂಡ್ (ತರಂಗಪಟ್ಟಿ) ಅಲೆಯುತ್ತದೆ. ಮೂಲೆಯಲ್ಲಿ ಒಂದು ಕಡ್ಡಿ ಬಂದು ಹೋಗುವ ಸಿಮ್ಮಂತೂ ಪೂರಾ ಸತ್ತ ಸಿಮ್ಮಿಗಿಂತ ಕೆಟ್ಟದ್ದು.

5ಜಿ ಸೇರಿದರೆ ಇನ್ನೊಂದು ತೊಡಕು. ನಮ್ಮಲ್ಲಿ ಹೆಚ್ಚು ಬಳಕೆಯ 5ಜಿ 3300 ಮೆಗಾಹರ್ಟ್ಸ್‌ನದು. 850 ಅಥವಾ 900 ಮೆಗಾಹರ್ಟ್ಸ್‌ನಷ್ಟು ದೂರ ಅದು ಹೋಗದು, ಗೋಡೆ ತೂರುವುದೂ ಕಡಿಮೆ. 4ಜಿ ಮೇಲೆ ಕೂತು ನಡೆಯುವ ಬಗೆಯ 5ಜಿಯಾದರೆ ಫೋನು ಎರಡು ರೇಡಿಯೊಗಳನ್ನು ಒಟ್ಟಿಗೆ ಸಾಕಬೇಕು. 5ಜಿಯಲ್ಲೂ ಉಳಿತಾಯದ ಯುಕ್ತಿಗಳಿವೆ: 100 ಮೆಗಾಹರ್ಟ್ಸ್ ಅಗಲದ ಹಾದಿಯಲ್ಲಿ ಕೆಲಸವಿಲ್ಲದಾಗ ಸಣ್ಣ ಪಟ್ಟಿಗಷ್ಟೇ ಕಿವಿಗೊಡುವುದು, ಸಂಪರ್ಕವನ್ನು ಪೂರ್ತಿ ಕಡಿಯದೆ ಅರ್ಧ ಮಡಚಿಟ್ಟು ಬೇಕಾದಾಗ ಬೇಗ ಎಬ್ಬಿಸುವುದು. ಗಟ್ಟಿ ಸಿಗ್ನಲ್ ಇದ್ದ ಕಡೆ ಇವು ಚೆನ್ನಾಗಿ ನಡೆಯುತ್ತವೆ. ಅಂಚಿನಲ್ಲಿ 4ಜಿ, 5ಜಿ, 4ಜಿ ಎಂದು ಜೋಕಾಲಿ ಆಡುವ ಫೋನಿಗೆ ಇವುಗಳಿಂದ ಪ್ರಯೋಜನ ಕಡಿಮೆ.

ಈಗ ಪರೀಕ್ಷೆ. ಮೂರು ರಾತ್ರಿ ಬೇಕು. ಮೊದಲ ರಾತ್ರಿ ಒಂಬತ್ತಕ್ಕೆ ನೂರು ಮಾಡಿ ಚಾರ್ಜರ್ ಕಿತ್ತು, ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ ಇಡಿ. ಮುಂಜಾನೆ ಆರಕ್ಕೆ ಎಷ್ಟು ಇಳಿದಿದೆ ಎಂದು ಬರೆದುಕೊಳ್ಳಿ. ಎರಡು ಮೂರು ಪರ್ಸೆಂಟ್ ಆದರೆ ಬ್ಯಾಟರಿ ತಪ್ಪಿಲ್ಲ. ಹತ್ತು ದಾಟಿದರೆ ಬ್ಯಾಟರಿಯೋ ಬೋರ್ಡೋ ಸೋರುತ್ತಿದೆ, ಮುಂದೆ ಓದಬೇಕಿಲ್ಲ. ಎರಡನೇ ರಾತ್ರಿ ಅದೇ ಜಾಗದಲ್ಲಿ ಸಿಮ್ ಎರಡೂ ಚಾಲೂ, ಡೇಟಾ ಬಂದ್. ಮೂರನೇ ರಾತ್ರಿ ಡೇಟಾ ಚಾಲೂ. ಎರಡನೇ ರಾತ್ರಿಯೇ ಭಾರಿ ಇಳಿದರೆ ಸಿಗ್ನಲ್ ಮತ್ತು ಸಿಮ್ಮಿನ ದೋಷ, ಮೂರನೇ ರಾತ್ರಿ ಮಾತ್ರ ಇಳಿದರೆ ಆ್ಯಪ್‌ಗಳ ದೋಷ. ಮೂರೂ ರಾತ್ರಿ ಫೋನು ಒಂದೇ ಜಾಗದಲ್ಲಿರಬೇಕು, ಒಂದು ದಿನ ಕಿಟಕಿ ಒಂದು ದಿನ ಟ್ರೆಜರಿ (ಕಬ್ಬಿಣದ ಕಪಾಟು) ಎಂದರೆ ಲೆಕ್ಕ ಕೆಟ್ಟಿತು.

ಆಮೇಲೆ ಸಿಗ್ನಲ್ ಅಳೆಯಿರಿ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಕಂಪನಿ ಒಂದೊಂದು ಅಳತೆಗೆ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸ್ಟೇಟಸ್, ಸಿಮ್ ಸ್ಟೇಟಸ್ ಒಳಗೆ ಹೋದರೆ ಡಿಬಿಎಂ ಎಂಬ ಋಣ ಸಂಖ್ಯೆ ಕಾಣುತ್ತದೆ. ಐಫೋನಿನಲ್ಲಿ *3001#12345#* ಡಯಲ್ ಮಾಡಿ. 4ಜಿಗೆ ಮೈನಸ್ 95ಕ್ಕಿಂತ ಮೇಲಿದ್ದರೆ (ಅಂದರೆ ಸೊನ್ನೆಗೆ ಇನ್ನೂ ಹತ್ತಿರವಿದ್ದರೆ) ನಿಶ್ಚಿಂತೆ, 95ರಿಂದ 105 ನಡೆದೀತು, 115 ದಾಟಿದರೆ ಅಂಚು. ಹತ್ತು ಅಂಕಿ ಇಳಿದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿದಂತೆ, ಮೈನಸ್ 85ಕ್ಕೂ 115ಕ್ಕೂ ನಡುವೆ ಸಾವಿರ ಪಟ್ಟು ಅಂತರ. ಪ್ರತಿ ಜಾಗದಲ್ಲಿ ಇಪ್ಪತ್ತು ಸೆಕೆಂಡು ನಿಂತು ಓದಿ, ಸಂಖ್ಯೆ ಬದಲಾಗಲು ಹೊತ್ತು ಹಿಡಿಯುತ್ತದೆ. ‘ಹಳೇ ಬಟನ್ ಫೋನಿನಲ್ಲಿ ಮೈನಸ್ 75 ಇತ್ತು’ ಎಂದು ಹೋಲಿಸಬೇಡಿ. 2ಜಿಯಲ್ಲಿ ಅಳೆಯುವುದು ಇಡೀ ಚಾನೆಲ್ಲಿನ ಶಕ್ತಿ, 4ಜಿಯಲ್ಲಿ ಅಳೆಯುವುದು ಚಾನೆಲ್ಲನ್ನು ಸೀಳಿದ ಎಳೆಗಳಲ್ಲಿ ಒಂದರದು. 10 ಮೆಗಾಹರ್ಟ್ಸ್‌ನಲ್ಲಿ ಅಂಥ 600 ಎಳೆಗಳಿವೆ. ಅಷ್ಟಕ್ಕೇ 28 ಅಂಕಿಯ ಅಂತರ ಬೀಳುತ್ತದೆ.

ಮಾಡಬೇಕಾದದ್ದು ಇಷ್ಟು. ತೋಟದಲ್ಲಿ ಯಾವ ಸಿಮ್ಮಿನ ಸಂಖ್ಯೆ ಮೇಲೋ ಅದನ್ನು ಉಳಿಸಿ, ಇನ್ನೊಂದನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿ. ಸಿಮ್ ಹೊರತೆಗೆಯುವ ಉಸಾಬರಿ ಬೇಡ. ಪ್ರಿಫರ್ಡ್ ನೆಟ್‌ವರ್ಕ್‌ನಲ್ಲಿ 5ಜಿ ಇಲ್ಲದ, 4ಜಿ ಇರುವ ಸಾಲು ಆರಿಸಿ. ಯೂಟ್ಯೂಬ್ ಪಂಡಿತರು *#*#4636#*#* ಒತ್ತಿ ‘ಎಲ್‌ಟಿಇ ಓನ್ಲಿ’ (4ಜಿ ಮಾತ್ರ) ಮಾಡಿ ಎನ್ನುತ್ತಾರೆ, ಮಾಡಬೇಡಿ. ವೋಲ್ಟಿ (4ಜಿಯಲ್ಲೇ ಮಾತಿನ ಕರೆ ಸಾಗಿಸುವ ವಿಧಾನ) ಸರಿಯಾಗಿ ನಡೆಯದ ಸಿಮ್ಮಾದರೆ ಕರೆಗಳೇ ಬಾರವು. ತೋಟದಲ್ಲಿ ಹಾವು ಕಡಿದ ಹೊತ್ತಿಗೆ ಕರೆ ಹೋಗದ ಫೋನಿನಲ್ಲಿ ಎಂಬತ್ತು ಪರ್ಸೆಂಟ್ ಬ್ಯಾಟರಿ ಇದ್ದು ಏನು ಮಾಡುವುದು? ಮನೆಯಲ್ಲಿ ಫೈಬರ್ ವೈಫೈ ಇದ್ದರೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಹಾಕಿ. ಆಗ ಕರೆ ಕೂಡ ನಾಲ್ಕು ಮಾರು ದೂರದ ರೌಟರಿಗೆ ಹೋಗುತ್ತದೆ, ದೂರದ ಟವರಿಗೆ ಕೂಗಬೇಕಿಲ್ಲ. ತಗಡಿನ ಶೆಡ್ಡಿನೊಳಗೆ ಫೋನ್ ಇಡಬೇಡಿ, ಹೊರಗೆ ನೆರಳಲ್ಲಿ ಎತ್ತರಕ್ಕೆ ತೂಗುಹಾಕಿ. ಹಾಡು ಜೋರಾಗಿ ಕೇಳಲೆಂದು ಸ್ಟೀಲ್ ತಂಬಿಗೆಯಲ್ಲಿ ಫೋನ್ ನಿಲ್ಲಿಸುವವರು ಆಂಟೆನಾಕ್ಕೆ ಗೋಡೆ ಕಟ್ಟುತ್ತಿದ್ದಾರೆ. ಕಬ್ಬಿಣದ ತಟ್ಟೆ ಅಂಟಿಸಿದ ಕವರಿಗೂ ಇದೇ ಮಾತು.

ಪ್ರಶ್ನೆ: ಮುಧೋಳ ಕಡೆ ಕಬ್ಬಿನ ಹೊಲದಾಗ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸೀವ್ರಿ. ಕರೆಂಟ್ ಹೋದ ಮ್ಯಾಲೆ ನೆಟ್‌ವರ್ಕ್ ಲೈಟ್ ಮಿಣಮಿಣ ಅಂದು ಮತ್ತ ಮೊದಲಿಂದ ಚಾಲೂ ಆಗ್ತದ. ಜಿಯೋ ಸಿಮ್ ಹಾಕಿದ್ರ ಹಿಡಿಯೂದ ಇಲ್ಲ.

ಕೊನೆಯ ಮಾತು ಮೊದಲು: ಸ್ಟಾರ್ಟರ್ (ಫೋನಿನಿಂದ ಮೋಟರ್ ಚಾಲೂ-ಬಂದ್ ಮಾಡುವ ಪೆಟ್ಟಿಗೆ) 2ಜಿಯದು, ಜಿಯೋದಲ್ಲಿ 2ಜಿ ಇಲ್ಲ. ಎಷ್ಟು ಸಲ ಹಾಕಿ ತೆಗೆದರೂ ಹಿಡಿಯದು.

ಮಿಣಮಿಣ ಎನ್ನುವುದು ಒಳಗಿನ ಸಣ್ಣ ಬ್ಯಾಟರಿಯದು. ಸ್ಟಾರ್ಟರಿನಲ್ಲಿ ಟವರ್ ಜೊತೆ ಮಾತಾಡುವ 2ಜಿ ಮಾಡ್ಯೂಲ್ ಒಂದೇ ಸಮ ಕರೆಂಟು ಎಳೆಯುವುದಿಲ್ಲ. 4.6 ಮಿಲಿಸೆಕೆಂಡಿಗೊಮ್ಮೆ, 0.577 ಮಿಲಿಸೆಕೆಂಡಿನ ಮಟ್ಟಿಗೆ, ಸುಮಾರು 2 ಆಂಪಿಯರ್ ಗಬಕ್ಕನೆ ಎಳೆಯುತ್ತದೆ. ಹಳೆಯ ಬ್ಯಾಟರಿ ಆ ಏಟಿಗೆ ಕುಸಿಯುತ್ತದೆ, ವೋಲ್ಟೇಜ್ ಬಿದ್ದೊಡನೆ ಮಾಡ್ಯೂಲ್ ರೀಸೆಟ್ ಆಗುತ್ತದೆ, ಎದ್ದು ಮತ್ತೆ ಟವರ್ ಕೂಗುತ್ತದೆ, ಮತ್ತೆ ಬೀಳುತ್ತದೆ. ಮೀಟರಿನಲ್ಲಿ 3.8 ವೋಲ್ಟ್ ಕಂಡಿತೆಂದು ಬ್ಯಾಟರಿ ಚೆನ್ನಾಗಿದೆ ಎನ್ನಬೇಡಿ, ಮೀಟರಿಗೆ ಆ ಏಟು ಕಾಣುವುದೇ ಇಲ್ಲ. ಬ್ಯಾಟರಿ ಬದಲಿಸಿ, ತಂತಿ ಗಿಡ್ಡ ಮತ್ತು ದಪ್ಪ ಇರಲಿ. ಪೆಟ್ಟಿಗೆ ತೆರೆಯುವ ಮೊದಲು ಮೇನ್ ಫ್ಯೂಸ್ ಮೂರೂ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ತ್ರೀಫೇಸ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ.

ಆಂಟೆನಾ ಎಲ್ಲಿದೆ ನೋಡಿ. ಮೆಕ್ಯಾನಿಕ್‌ಗಳು ಅದನ್ನು ಸುರುಳಿ ಸುತ್ತಿ ಕಬ್ಬಿಣದ ಪೆಟ್ಟಿಗೆಯೊಳಗೇ ಬಿಟ್ಟು ಬಾಗಿಲು ಹಾಕುತ್ತಾರೆ. ಹೊರಗೆ ತನ್ನಿ, ಬೆಳೆದ ಕಬ್ಬಿಗಿಂತ ಮೇಲೆ ಕಟ್ಟಿ. ಹಸಿ ಎಲೆ ಎಂದರೆ ನೀರು, ನೀರು ಸಿಗ್ನಲ್ ಕುಡಿಯುತ್ತದೆ. ನಾಟಿ ಮಾಡಿದಾಗ ಚೆನ್ನಾಗಿದ್ದ ಸ್ಟಾರ್ಟರ್ ಕಟಾವಿನ ಮುಂಚೆ ಹಟ ಹಿಡಿಯುವುದು ಅದಕ್ಕೆ. ಸಿಗ್ನಲ್ ಸುಧಾರಿಸಿದರೆ ಮಾಡ್ಯೂಲ್ ಮೆಲ್ಲಗೆ ಮಾತಾಡುತ್ತದೆ, 2 ಆಂಪಿಯರಿನ ಏಟೂ ತಗ್ಗುತ್ತದೆ.

ಹತ್ತು ವರ್ಷ ಬ್ಯಾಟರಿ ಬಾಳುವ ಎನ್‌ಬಿ-ಐಒಟಿ ಸ್ಟಾರ್ಟರ್ (ಕಡಿಮೆ ಕರೆಂಟಿನ ಉಪಕರಣಗಳ ಮೊಬೈಲ್ ಜಾಲದ್ದು) ಎಂದು ಯಾರಾದರೂ ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ಮಲಗಿದ್ದಾಗ ನನ್ನ ಮಾತು ಅದಕ್ಕೆ ಕೇಳುತ್ತದೆಯೇ? ಪಿಎಸ್‌ಎಂ ಎಂಬ ಗಾಢನಿದ್ದೆಯಲ್ಲಿ ಉಪಕರಣ ತಾನಾಗಿ ಏಳುವವರೆಗೆ ಯಾರ ಕೂಗಿಗೂ ಓಗೊಡುವುದಿಲ್ಲ. ಮಣ್ಣಿನ ತೇವ ಅಳೆದು ದಿನಕ್ಕೆರಡು ಸಲ ಕಳಿಸುವ ಸೆನ್ಸಾರಿಗೆ ಅದು ಬಹಳ ಚೆನ್ನ. ‘ಮೋಟರ್ ಬಂದ್ ಮಾಡು’ ಎಂಬ ಅಪ್ಪಣೆಗೆ ಕೆಲಸಕ್ಕೆ ಬಾರದು.

ಪ್ರಶ್ನೆ: ನಿಪ್ಪಾಣಿಯಲ್ಲಿ ಮನೆಯೊಳಗೆ ಕೂತರೂ ಮಹಾರಾಷ್ಟ್ರದ ನೆಟ್‌ವರ್ಕ್ ಬರುತ್ತದೆ. ದುಡ್ಡು ಹೋಗುತ್ತದೆಯೇ?

ಈಗಿನ ಸಾಮಾನ್ಯ ಪ್ಲಾನ್‌ಗಳಲ್ಲಿ ದುಡ್ಡಿನ ಚಿಂತೆಯಿಲ್ಲ, ಬ್ಯಾಟರಿ ಸ್ವಲ್ಪ ಹೋಗುತ್ತದೆ. ಪ್ರತಿ ಸರ್ಕಲ್ಲಿಗೂ (ಟೆಲಿಕಾಂ ವಲಯ, ಸುಮಾರಾಗಿ ಒಂದು ರಾಜ್ಯ) ಬೇರೆ ಸಂಕೇತವಿದೆ. ಹೊರಗಿನ ಸರ್ಕಲ್ಲಿನಲ್ಲಿದ್ದೇನೆಂದು ಭಾವಿಸಿದ ಫೋನು ತನ್ನ ಮನೆ ನೆಟ್‌ವರ್ಕನ್ನು ಆಗಾಗ ಹುಡುಕುತ್ತದೆ, ಎಷ್ಟು ಹೊತ್ತಿಗೊಮ್ಮೆ ಎಂಬುದು ಸಿಮ್ಮಿನಲ್ಲೇ ಆರು ನಿಮಿಷದ ಮಗ್ಗಿಯಲ್ಲಿ ಬರೆದಿರುತ್ತದೆ. ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನುವಲ್ ಮಾಡಿ ಕರ್ನಾಟಕದ್ದನ್ನೇ ಹಿಡಿಸಬಹುದು. ಊರು ಬಿಡುವಾಗ ಆಟೊಮ್ಯಾಟಿಕ್‌ಗೆ ತಿರುಗಿಸಲು ಮರೆತು, ‘ಕೊಲ್ಲಾಪುರದಲ್ಲಿ ಸಿಮ್ ಸತ್ತಿತು’ ಎಂದು ಮತ್ತೆ ನನಗೆ ಬರೆಯಬೇಡಿ.

ಪ್ರಶ್ನೆ: ಬೆಳಗಾವಿಯಲ್ಲಿ ನೆಲಮಾಳಿಗೆಯ ಅಂಗಡಿ. ಆನ್‌ಲೈನಿನಲ್ಲಿ ಅಗ್ಗದ ಸಿಗ್ನಲ್ ಬೂಸ್ಟರ್ ಸಿಗುತ್ತದೆ, ತರಿಸಲೇ?

ಬೇಡ. ಅನುಮತಿಯಿಲ್ಲದೆ ಇಡುವುದೂ ಮಾರುವುದೂ ಅಪರಾಧ. 70 ಡಿಬಿ (ಡಿಬಿಎಂ ಅಳತೆಯ 70 ಅಂಕಿ) ಹಿಗ್ಗಿಸುವ ಬೂಸ್ಟರಿಗೆ ಒಳಗಿನ ಮತ್ತು ಹೊರಗಿನ ಆಂಟೆನಾಗಳ ನಡುವೆ 85 ಡಿಬಿಯಷ್ಟು ತಡೆ ಬೇಕು. ಅಷ್ಟಿಲ್ಲದಿದ್ದರೆ ಮೈಕಿನ ಮುಂದೆ ಸ್ಪೀಕರ್ ಇಟ್ಟಂತೆ ಅದು ಕಿರುಚತೊಡಗುತ್ತದೆ, ಟವರ್ ಕಿವುಡಾಗುತ್ತದೆ, ಇಡೀ ಓಣಿಯ ಕರೆಗಳು ಕಡಿಯುತ್ತವೆ. ವೈಫೈ ಕಾಲಿಂಗ್ ಬಳಸಿ.

ಪ್ರಶ್ನೆ: ರೇಡಿಯೇಶನ್ ತಡೆಯುವ ಸ್ಟಿಕರ್ ಅಂಟಿಸಬಹುದೇ?

ತಡೆಯದಿದ್ದರೆ ಮೋಸ, ತಡೆದರೆ ಫೋನು ಇನ್ನೂ ಜೋರಾಗಿ ಕೂಗುತ್ತದೆ.

ಪ್ರಶ್ನೆ: ರ‍್ಯಾಮ್ ಕ್ಲೀನರ್ ಆ್ಯಪ್ ಯಾವುದು ಒಳ್ಳೆಯದು?

ಯಾವುದೂ ಅಲ್ಲ. ಅದು ಕೊಂದ ಆ್ಯಪ್ ಮತ್ತೆ ಮೊದಲಿನಿಂದ ಏಳಲು ಹೆಚ್ಚು ಕರೆಂಟು ತಿನ್ನುತ್ತದೆ.

ಪ್ರಶ್ನೆ: ಹತ್ತು ನಿಮಿಷಕ್ಕೊಮ್ಮೆ ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಸಿಗ್ನಲ್ ಗಟ್ಟಿಯಾಗುತ್ತದಂತೆ?

ಬಸ್ಸಿಳಿದ ಮೇಲೆ ಒಂದು ಸಲ ಮಾಡಿ, ದೂರದ ಟವರ್ ಹಿಡಿದುಕೊಂಡಿದ್ದರೆ ಬಿಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮಾಡಿದರೆ ನಿದ್ದೆಹೋದವನನ್ನು ಎಬ್ಬಿಸಿ ‘ಮಲಗಿದ್ದೆಯಾ?’ ಎಂದು ಕೇಳಿದ ಹಾಗೆ.