ಪ್ರತಿ: ಕವರ್‌ನಲ್ಲಿ ವ್ಯಾನ್ ಗೆಲ್ಡರ್ ಹೆಸರಿದ್ದರೆ ಸಾಕಾ?

ಜಾಝ್ ರೆಕಾರ್ಡ್ ಕಂಪನಿ ಬ್ಲೂ ನೋಟ್‌ನ ಹಳೆಯ ಎಲ್‌ಪಿಯ ಕವರ್‌ನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಹೆಸರಿದೆ, ಮಾಸ್ಟರ್ (ಮಿಕ್ಕ ತಟ್ಟೆಗಳಿಗೆಲ್ಲ ಮೂಲವಾಗುವ ತಟ್ಟೆ) ಕಟ್ ಮಾಡಿದ್ದೂ ಅವರೇನಾ ಅಂತ ಕೇಳಿದ್ದೀರಿ. ಕವರ್ ನಂಬಬೇಡಿ, ಅದು ರೆಕಾರ್ಡಿಂಗ್ ಯಾರದು ಅಂತಷ್ಟೇ ಹೇಳುತ್ತದೆ. ಕೊನೆಯ ಹಾಡಿಗೂ ಲೇಬಲ್‌ಗೂ ನಡುವಿನ ಖಾಲಿ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೈಯಲ್ಲಿ ಕೊರೆದ ‘ಆರ್‌ವಿಜಿ’ ಅಥವಾ ‘ವ್ಯಾನ್ ಗೆಲ್ಡರ್’ ಅಚ್ಚು ಇದ್ದರೆ ಕಟ್ ಅವರದೇ. ಎರಡೂ ಬದಿ ನೋಡಿ, ಒಂದು ಬದಿ ಬೇರೆಯವರದ್ದಾಗಿರಬಹುದು.

ಅಷ್ಟಕ್ಕೇ ಮೊದಲ ಮುದ್ರಣ ಅಂದುಕೊಂಡು ದುಡ್ಡು ಸುರಿಯಬೇಡಿ. ಬ್ಲೂ ನೋಟ್ ಲಿಬರ್ಟಿ ಎಂಬ ಇನ್ನೊಂದು ಕಂಪನಿಯ ಕೈಸೇರಿದ ಮೇಲೂ ವ್ಯಾನ್ ಗೆಲ್ಡರ್ ಕಟ್‌ನ ಹಳೆಯ ಲೋಹದ ಅಚ್ಚುಗಳಿಂದಲೇ ಎಷ್ಟೋ ತಟ್ಟೆ ಒತ್ತಿದ್ದಾರೆ. ಸುಮಾರು 1966ರವರೆಗಿನವಕ್ಕೆ, ಬ್ಲೂ ನೋಟ್ ತಟ್ಟೆಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಕಿವಿಯಾಕಾರದ ಪುಟ್ಟ ಗುರುತು ಇರುತ್ತದೆ. ಪಿಯಾನೋ ಡಬ್ಬಿಯೊಳಗಿಂದ ಬಂದಂತೆ ಕೇಳಿಸಿದರೆ ತಟ್ಟೆಯನ್ನು ದೂರಬೇಡಿ, ವ್ಯಾನ್ ಗೆಲ್ಡರ್ ಅವರ ರೆಕಾರ್ಡಿಂಗೇ ಹಾಗೆ.